ಹೊಡೆದವನಿಗೆ ಎರಡು ವಾರ, ಬಿದ್ದವನಿಗೆ ಆರು ವಾರ

ನಾನು ಫಿಸಿಯೋಥೆರಪಿಸ್ಟ್. ಓದಿದ್ದು ಮೈಸೂರಿನಲ್ಲಿ, ಇರುವುದು ಸಿಡ್ನಿಯ ಪಶ್ಚಿಮಕ್ಕೆ. ಶನಿವಾರ ಬಂದರೆ ಬಡಾವಣೆಯ ಒಂದು ರಗ್ಬಿ ಲೀಗ್ ಕ್ಲಬ್‌ಗೆ ಟ್ರೇನರ್ ಆಗಿ ಹೋಗುತ್ತೇನೆ. ನೀರಿನ ಬಾಟಲಿ, ಟೇಪು, ಐಸು ಇಟ್ಟುಕೊಂಡು ಗೆರೆಯ ಪಕ್ಕ ನಿಲ್ಲುವ ಕೆಲಸ. ಕಬಡ್ಡಿ ನೋಡಿ ಬೆಳೆದವರಿಗೆ ಈ ಆಟ ಬೇಗ ಹತ್ತಿರವಾಗುತ್ತದೆ. ಒಂದೊಂದು ಕಡೆ 13 ಜನ. ಚೆಂಡು ಹಿಡಿದವನನ್ನು ಕೆಡವಬೇಕು. ಆರು ಸಲ ಕೆಡವಿದರೆ ಚೆಂಡು ಎದುರಿನವರಿಗೆ. ಎದೆಗೆ ಬೀಳಬೇಕಾದ ಏಟು ಒಂದು ಗೇಣು ಮೇಲೆ ಬಿದ್ದರೆ, ಅಲ್ಲಿ ತಲೆ ಇರುತ್ತದೆ.

ಮೊದಲ ವರ್ಷದ ಒಂದು ಆಟ ನನ್ನನ್ನು ಇನ್ನೂ ಬಿಟ್ಟಿಲ್ಲ. ನಮ್ಮ ಹುಡುಗನಿಗೆ ಇಪ್ಪತ್ತು ವರ್ಷ. ಚೆಂಡು ಹಿಡಿದು ಬಗ್ಗಿದ, ಎದುರಿನವನ ತೋಳು ದವಡೆಗೆ ಬಡಿಯಿತು. ಬಿದ್ದವನು ತಾನಾಗಿಯೇ ಎದ್ದ. ಎದ್ದು ಸೀದಾ ಎದುರು ತಂಡದ ಸಾಲಿಗೆ ಹೋಗಿ ನಿಂತ. ನಾನು ಓಡಿದೆ. "ಇದು ಯಾವ ಗ್ರೌಂಡು?" ಸರಿಯಾಗಿ ಹೇಳಿದ. "ಕೊನೆಗೆ ಸ್ಕೋರ್ ಮಾಡಿದ್ದು ಯಾರು?" ಕತ್ತು ತಿರುಗಿಸಿ ಬೋರ್ಡ್ ನೋಡಿ, "ನಾವೇ ಅಲ್ವಾ?" ಅಂದ. ಕೋಚ್ ಕೂಗುತ್ತಿದ್ದರು. ಹತ್ತು ನಿಮಿಷ ಬಾಕಿ ಇತ್ತು, ನಾಲ್ಕು ಪಾಯಿಂಟ್ ಹಿಂದಿದ್ದೆವು. ನಾನು ಆಡಲು ಬಿಟ್ಟೆ.

ಆಟ ಮುಗಿದ ಮೇಲೆ ಶೂ ಬಿಚ್ಚಲು ಬಗ್ಗಿದವನು ಅಲ್ಲೇ ವಾಂತಿ ಮಾಡಿಕೊಂಡ. ಆ ರಾತ್ರಿ ಎಮರ್ಜೆನ್ಸಿಯಲ್ಲಿ ಅವನ ಅಮ್ಮನ ಪಕ್ಕ ಕೂತಿದ್ದೆ. ತಪ್ಪು ನನ್ನದೇ ಎಂದು ಅವರಿಗೆ ಹೇಳಿದೆ.

ಹೊಡೆದವನಿಗೆ ಎರಡು ಪಂದ್ಯದ ಸಸ್ಪೆನ್ಷನ್ ಆಯಿತು. ಮೂರನೇ ವಾರ ಅವನು ಮೈದಾನದಲ್ಲಿದ್ದ. ನಮ್ಮವನು ಆರು ವಾರ ಹೊರಗೆ. ಗೋಡೌನ್‌ನ ಲೈಟು ಕಣ್ಣಿಗೆ ಚುಚ್ಚುತ್ತದೆ ಎಂದು ಕೆಲಸಕ್ಕೂ ಹೋಗಲಾಗಲಿಲ್ಲ, ಕೂಲಿಯೂ ಹೋಯಿತು. "ಅವನು ಆಡ್ತಿದ್ದಾನೆ, ನನ್ನ ಮಗ ಯಾಕೆ ಇನ್ನೂ ಕತ್ತಲೆ ಕೋಣೇಲಿ?" ಎಂದು ಅವನ ಅಮ್ಮ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿದ್ದವನು ಏಳುವ ತನಕ ಹೊಡೆದವನೂ ಕೂರಲಿ ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. 2014ರಲ್ಲಿ ನ್ಯೂಕ್ಯಾಸಲ್ ತಂಡದ ಅಲೆಕ್ಸ್ ಮೆಕಿನ್ನನ್ ಅವರನ್ನು ಎತ್ತಿ ಕೆಡವಿದಾಗ ಕತ್ತಿನ ಮೂಳೆ ಮುರಿದು, ಅವರು ವೀಲ್‌ಚೇರ್ ಹಿಡಿದರು. ಕೆಡವಿದವರಲ್ಲಿ ಒಬ್ಬರಾದ ಮೆಲ್ಬರ್ನ್ ತಂಡದ ಜೋರ್ಡನ್ ಮೆಕ್ಲೀನ್ ಅವರಿಗೆ ಏಳು ಪಂದ್ಯದ ನಿಷೇಧ ಬಂತು. ಮೆಕಿನ್ನನ್ ಕಳೆದುಕೊಂಡದ್ದನ್ನು ಪಂದ್ಯದ ಲೆಕ್ಕದಲ್ಲಿ ಅಳೆಯಲು ಹೊರಟರೆ ಏಳಲ್ಲ, ಎಪ್ಪತ್ತೂ ಸಾಲದು. ಶಿಕ್ಷೆ ಮಾಡಿದ ಕೆಲಸಕ್ಕೇ ಇರಲಿ. ಆದರೆ ಅದೇ ಕೆಲಸಕ್ಕೆ ಪ್ರತಿ ವಾರವೂ ಅದೇ ಶಿಕ್ಷೆ ಇರಬೇಕು. 2021ರ ಮೇ ತಿಂಗಳಲ್ಲಿ, ಸೀಸನ್ ನಡುವೆಯೇ, ತಲೆಗೆ ತಾಗಿದರೆ ಬಿಡುವುದಿಲ್ಲ ಎಂದು ಇಲ್ಲಿನ ವೃತ್ತಿಪರ ರಗ್ಬಿ ಲೀಗ್ ಆದ ಎನ್‌ಆರ್‌ಎಲ್ ಬಿಗಿ ಮಾಡಿತು. ಆ ವಾರದ ಎಲ್ಲ ಪಂದ್ಯವೂ ಒಂದೇ ಊರಲ್ಲಿ ನಡೆಯುವ ಬ್ರಿಸ್ಬೇನ್‌ನ ಮ್ಯಾಜಿಕ್ ರೌಂಡ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಹೊರಗೆ ನಡೆದರು. ತಲೆ ಉಳಿಸುವ ಆಸೆ ನನಗೂ ಇದೆ, ಆದರೆ ಹಿಂದಿನ ವಾರ ಬರೀ ಪೆನಾಲ್ಟಿ ಆಗಿದ್ದ ಟ್ಯಾಕಲ್‌ಗೆ ಹೀಗೆ ದಿಢೀರನೆ ಹೊರಗೆ ಕಳಿಸಿದರೆ ಆಟಗಾರನ ಕೈ ಎಲ್ಲಿ ಕಲಿಯಬೇಕು?

ಇನ್ನೊಂದು, ಎಲ್ಲ ಪಂದ್ಯವೂ ಒಂದೇ ತೂಕದ್ದಲ್ಲ. 2008ರಲ್ಲಿ ಮೆಲ್ಬರ್ನ್ ನಾಯಕ ಕ್ಯಾಮರೂನ್ ಸ್ಮಿತ್ ಎರಡು ಪಂದ್ಯದ ಸಸ್ಪೆನ್ಷನ್‌ನಲ್ಲಿ ಕಳೆದುಕೊಂಡದ್ದು ಗ್ರ್ಯಾಂಡ್ ಫೈನಲ್, ಸೀಸನ್‌ನ ಚಾಂಪಿಯನ್ ಯಾರೆಂದು ತೀರುವ ಪಂದ್ಯ. ಅವರ ತಂಡ 40-0ಯಲ್ಲಿ ಸೋತಿತು.

ನಾನು ಮಾಡಬಹುದಾದದ್ದು ಬಿದ್ದವನ ಕಡೆಯದು. ಈಗ ಸೀಸನ್ ಶುರುವಾಗುವ ಮೊದಲೇ ಒಬ್ಬೊಬ್ಬರನ್ನೂ ಕೂರಿಸಿಕೊಳ್ಳುತ್ತೇನೆ. ಹತ್ತು ಪದ ಹೇಳಿ ವಾಪಸ್ ಕೇಳುತ್ತೇನೆ. ತಿಂಗಳುಗಳನ್ನು ಹಿಂದಿನಿಂದ ಹೇಳಿಸುತ್ತೇನೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ಕಣ್ಣು ಮುಚ್ಚಿ ನಿಲ್ಲಿಸುತ್ತೇನೆ. ಚೆನ್ನಾಗಿದ್ದಾಗ ಅವನು ಹೇಗಿರುತ್ತಾನೆ ಎಂದು ಗೊತ್ತಿಲ್ಲದಿದ್ದರೆ, ಏಟು ಬಿದ್ದಾಗ ಹೋಲಿಸುವುದು ಯಾವುದಕ್ಕೆ?

ಮೈದಾನದಲ್ಲಿ ಅನುಮಾನ ಬಂದರೆ ವಾದ ಮಾಡುವುದಿಲ್ಲ. ಬಾಯಿಯ ಮೌತ್‌ಗಾರ್ಡ್ ಇಸಿದುಕೊಂಡು ನನ್ನ ಜೇಬಿಗೆ ಹಾಕುತ್ತೇನೆ. ಅದಿಲ್ಲದೆ ಅವನು ಕದ್ದು ಒಳಗೆ ಹೋಗುವುದು ಕಷ್ಟ. ಎನ್‌ಆರ್‌ಎಲ್‌ನಲ್ಲಿ ಯಾವ ತಂಡಕ್ಕೂ ಸೇರದ ಡಾಕ್ಟರ್ ವಿಡಿಯೋ ನೋಡಿ ಆಟಗಾರನನ್ನು ಹೊರಗೆ ಕರೆಸುತ್ತಾರೆ. ನಮಗೆ ಆ ಅನುಕೂಲ ಇಲ್ಲ. ಅದಕ್ಕೇ ಮೊದಲ ಮೀಟಿಂಗ್‌ನಲ್ಲಿ, ಅಪ್ಪ ಅಮ್ಮಂದಿರ ಎದುರಿಗೇ, ನಾನು ಹೊರಗೆ ಅಂದರೆ ಹೊರಗೆ ಎಂದು ಕೋಚ್ ಬಾಯಿಂದ ಹೇಳಿಸುತ್ತೇನೆ.

ಆಮೇಲೆ ದಿನದ ಲೆಕ್ಕ. ತಲೆಗೆ ಏಟು ಬಿದ್ದು ಮೆದುಳಿಗೆ ಪೆಟ್ಟಾದ (ಕನ್ಕಷನ್) ವೃತ್ತಿಪರರಿಗೆ 2023ರಿಂದ ಕನಿಷ್ಠ 11 ದಿನ ಬಿಡುವು. ನಮ್ಮಂಥ ಕ್ಲಬ್‌ಗಳಿಗೆ ಈಗಿನ ಮಾರ್ಗಸೂಚಿ ಕನಿಷ್ಠ 21 ದಿನ ಅನ್ನುತ್ತದೆ, ಅದರಲ್ಲಿ 14 ದಿನ ಯಾವ ತೊಂದರೆಯೂ ಇಲ್ಲದೆ ಕಳೆದಿರಬೇಕು. ಅವರಿಗೆ ಪಕ್ಕದಲ್ಲೇ ಡಾಕ್ಟರ್ ಇದ್ದಾರೆ, ಒಪ್ಪುತ್ತೇನೆ. ಆದರೂ ಅಷ್ಟೊಂದು ಅಂತರ ನನಗೆ ಸಮಾಧಾನ ಕೊಡುವುದಿಲ್ಲ. 2018ರ ಎನ್‌ಆರ್‌ಎಲ್ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿ ರೂಸ್ಟರ್ಸ್ ತಂಡದ ಕೂಪರ್ ಕ್ರಾಂಕ್ ಒಡೆದ ಭುಜದ ಮೂಳೆಯಲ್ಲೇ ಆಡಿದರು. ಭುಜ ನೋವು ಹೇಳುತ್ತದೆ, ಅವರು ತಿಳಿದೇ ಒಪ್ಪಿಕೊಂಡರು. ಏಟು ತಿಂದ ತಲೆಗೆ ತನಗೇನಾಗಿದೆ ಎಂದೇ ಗೊತ್ತಿರುವುದಿಲ್ಲ.

ಕ್ಲಬ್ ಕಮಿಟಿಯನ್ನು ಎರಡು ವರ್ಷ ಕಾಡಿ ಒಂದು ಕೆಲಸ ಮಾಡಿಸಿದೆ. ತಲೆಗೆ ಏಟು ಬಿದ್ದು ಕೆಲಸ ತಪ್ಪಿದವನಿಗೆ ಕ್ಯಾಂಟೀನ್ ದುಡ್ಡಿನಿಂದ ಒಂದು ವಾರದ ಕೂಲಿ. ಸಣ್ಣ ಮೊತ್ತವೇ. ಆದರೆ ತಲೆನೋವು ಮುಚ್ಚಿಡುವ ಹುಡುಗರು ಕಮ್ಮಿಯಾಗಿದ್ದಾರೆ.

ಹೋದ ಸೀಸನ್‌ನಲ್ಲಿ ಅದೇ ಹುಡುಗ ಇನ್ನೊಬ್ಬನ ತೋಳು ಹಿಡಿದು ನನ್ನ ಹತ್ತಿರ ಕರೆತಂದ. "ಇವನು ತಪ್ಪು ಸಾಲಿಗೆ ಹೋಗಿ ನಿಂತ" ಅಂದ. ನಾನು ಏನೂ ಕೇಳದೆ ಕೈ ಚಾಚಿದೆ. ಎಂಜಲು ಮೆತ್ತಿದ ಮೌತ್‌ಗಾರ್ಡ್ ನನ್ನ ಅಂಗೈಗೆ ಬಂತು.