ಆ ಹುಡುಗೀನ ಯಾಕೆ ಕರೀಲಿಲ್ಲ ಸಾ?

ಸಮಾಜ ಸೇವೆ ಮಾಡಿದ ವಿದ್ಯಾರ್ಥಿಗಳಿಗೆಂದು ನಾವು ನಡೆಸಿದ ಮೊದಲ ಸನ್ಮಾನ ಸಮಾರಂಭ ಮುಗಿದು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಕೈಗೆ ಬಂದಿತ್ತು. ಕಾಲೇಜು ಸೇವೆಗೆಂದು ದತ್ತು ತೆಗೆದುಕೊಂಡ ಹಳ್ಳಿಯಿಂದ ಬಂದಿದ್ದ ಅಂಗನವಾಡಿ ಟೀಚರಮ್ಮ ಪಕ್ಕಕ್ಕೆ ಬಂದು, "ಎಲ್ಲಾ ಚೆನ್ನಾಗಾಯ್ತು. ಆ ಹುಡುಗೀನ ಯಾಕೆ ಕರೀಲಿಲ್ಲ ಸಾ?" ಎಂದು ಕೇಳಿದರು. ಯಾವ ಹುಡುಗಿ ಎಂದೆ. "ಅದೇ, ಶನಿವಾರ ಶನಿವಾರ ಬಂದು ಮುದುಕ್ರಿಗೆಲ್ಲ ಪಿಂಚಣಿ ಅರ್ಜಿ ತುಂಬ್ಕೊಡ್ತಿದ್ಲಲ್ಲ."

ನನಗೆ ಗೊತ್ತೇ ಇರಲಿಲ್ಲ. ನಾನು ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿ. ಏಳು ದಿನದ ವಿಶೇಷ ಶಿಬಿರವನ್ನು ಅದೇ ಹಳ್ಳಿಯಲ್ಲಿ ನಡೆಸಿದವನು. ಶಿಬಿರ ಮುಗಿದ ಮೇಲೆ ನಾವೆಲ್ಲ ಬ್ಯಾನರ್ ಸುತ್ತಿಕೊಂಡು ಊರಿಗೆ ಬಂದಿದ್ದೆವು. ಅವಳೊಬ್ಬಳು ಮೂರು ತಿಂಗಳು ಬಸ್ಸು ಹತ್ತಿ ವಾಪಸ್ ಹೋಗುತ್ತಿದ್ದಳು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಆ ಊರಿನ ಕೆಲವು ಅಜ್ಜಿಯರಿಗೆ ಆಧಾರ್ ಕಾರ್ಡಿನಲ್ಲಿ ಮಾತ್ರ 58. ಯಾರೋ ಅಂದಾಜಿಗೆ ಬರೆಸಿದ ವಯಸ್ಸು. ಅದನ್ನು ತಿದ್ದಿಸುವುದು, ಆದಾಯ ಪ್ರಮಾಣಪತ್ರ ಮಾಡಿಸುವುದು, ಅಂಚೆ ಕಚೇರಿಯಲ್ಲಿ ಖಾತೆ ತೆರೆಸುವುದು, ನಾಡಕಚೇರಿಯಲ್ಲಿ ಸಾಲು ನಿಲ್ಲುವುದು, ಎಲ್ಲ ಅವಳೇ. ಆ ದಿನ 'ಅತ್ಯುತ್ತಮ ಸ್ವಯಂಸೇವಕ' ಎಂದು ನಾವು ಮೈಸೂರು ಪೇಟ ತೊಡಿಸಿದ್ದು, ಶಿಬಿರದಲ್ಲಿ ಸೊಗಸಾಗಿ ನಿರೂಪಣೆ ಮಾಡಿದ ಹುಡುಗನಿಗೆ. ಅವನೂ ಒಳ್ಳೆಯ ಹುಡುಗನೇ, ಅವನ ತಪ್ಪೇನೂ ಇಲ್ಲ. ಮೈಕಿನ ಮುಂದೆ ನಿಂತವನನ್ನು ಮಾತ್ರ ಕಂಡದ್ದು ನನ್ನ ಕಣ್ಣು.

ನಮ್ಮದು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜು. ಅಂತಿಮ ವರ್ಷದವರ ಬೀಳ್ಕೊಡುಗೆಯಲ್ಲಿ ಯೂನಿವರ್ಸಿಟಿ ರ‍್ಯಾಂಕು, ಕಬಡ್ಡಿ, ಜನಪದ ನೃತ್ಯಕ್ಕೆ ಮೊದಲಿನಿಂದಲೂ ಬಹುಮಾನ ಇತ್ತು. ನಾಯಕತ್ವ, ಸಮಾಜ ಸೇವೆಗೂ ಒಂದು ಗೌರವ ಇರಲಿ ಎಂದು ಹಟ ಹಿಡಿದು ಶುರು ಮಾಡಿಸಿದವನು ನಾನು. ಮೊದಲ ವರ್ಷವೇ ಹೀಗೆ ಎಡವಿದ ಮೇಲೆ, ಕೊಡುವುದಕ್ಕಿಂತ ಹುಡುಕುವುದೇ ದೊಡ್ಡ ಕೆಲಸ ಎಂದು ತಿಳಿಯಿತು. ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಮೊದಲು ಡೈರಿಗಳಿಂದ ಹುಡುಕಲು ಹೋದೆ. ಎನ್ನೆಸ್ಸೆಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಿ ಡೈರಿ ಬರೆಯಬೇಕು, ಒಂದು ವಿಶೇಷ ಶಿಬಿರಕ್ಕೂ ಹೋಗಿರಬೇಕು. ಆಗಷ್ಟೇ ಪ್ರಮಾಣಪತ್ರ. ಹಾಗಾಗಿ ಎಲ್ಲರ ಡೈರಿಯಲ್ಲೂ ಗಂಟೆ ತುಂಬಿರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದ ತಿಂಗಳಂತೂ ಎಲ್ಲರದೂ ಒಂದೇ ಸಾಲು: 'ಕಾಲೇಜು ಆವರಣದಲ್ಲಿ ಕಾಂಗ್ರೆಸ್ ಗಿಡ ಕೀಳಲಾಯಿತು.' ಒಬ್ಬ ಬರೆದದ್ದನ್ನು ಇನ್ನು 20 ಜನ ನಕಲು ಮಾಡಿದ್ದರು, ಕಾಗುಣಿತದ ತಪ್ಪಿನ ಸಮೇತ.

ಒಂದು ಸಂಜೆ ಆ ಹುಡುಗಿಯ ಹಳೆಯ ಡೈರಿಯನ್ನು ಹುಡುಕಿ ತೆಗೆದೆ. ಅದರಲ್ಲಿ ಹೀಗಿತ್ತು: 'ನಾಡಕಚೇರಿಗೆ ಹೋದೆವು. ಸರ್ವರ್ ಇರಲಿಲ್ಲ. ವಾಪಸ್ ಬಂದೆವು.' ಮುಂದಿನ ವಾರ: 'ಸರ್ವರ್ ಇತ್ತು. ಅಜ್ಜಿ ಬರಲಿಲ್ಲ.' ಮೊದಲ ಬಾರಿ ನೋಡಿದಾಗ ಇದನ್ನು ಅಸಡ್ಡೆಯ ಬರವಣಿಗೆ ಎಂದುಕೊಂಡು ಸಹಿ ಹಾಕಿ ಪಕ್ಕಕ್ಕಿಟ್ಟಿದ್ದೆ. ಈಗ ಡೈರಿ ಓದುವಾಗ ನಾನು ಮೊದಲು ಹುಡುಕುವುದೇ ಇಂಥ ಸಾಲುಗಳನ್ನು. ಕೆಲಸ ಆಗದ ದಿನವನ್ನು ಬರೆದುಕೊಂಡವರು ಕೆಲಸಕ್ಕೆ ಹೋಗಿದ್ದರು ಎಂದೇ ಲೆಕ್ಕ. ಸುಳ್ಳು ಬರೆಯುವವರು ಸರ್ವರ್ ಇಲ್ಲದ ದಿನವನ್ನು ಬರೆಯುವುದಿಲ್ಲ.

ಡೈರಿ ಒಂದೇ ಸಾಲದು. ಫೆಬ್ರವರಿಯಲ್ಲಿ ಅಂತಿಮ ವರ್ಷದವರಿಗೆಲ್ಲ ಚೀಟಿ ಕೊಡುತ್ತೇವೆ. 'ಉತ್ತಮ ನಾಯಕ ಯಾರು' ಎಂದು ಕೇಳಿದ ವರ್ಷ ಚೀಟಿಗಳೆಲ್ಲ ಗೆಳೆತನದ ಲೆಕ್ಕಕ್ಕೆ, ಒಮ್ಮೊಮ್ಮೆ ಜಾತಿಯ ಲೆಕ್ಕಕ್ಕೆ ಬಿದ್ದವು. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿತು. ತರಗತಿ ಪ್ರತಿನಿಧಿಯನ್ನು ಅಂಕ ನೋಡಿ ಮೇಷ್ಟ್ರುಗಳೇ ಆರಿಸುತ್ತಾರೆ. ಹಾಗಿರುವಾಗ ಈ ಮಕ್ಕಳಿಗೆ ನಾಯಕ ಅಂದರೆ ಯಾರು ಎಂದು ತೋರಬೇಕು? ಪ್ರಶ್ನೆಯನ್ನು ಬದಲಿಸಿದೆ: 'ನಿಮಗೆ ಕಷ್ಟ ಬಂದಾಗ ಯಾರಿಗೆ ಫೋನ್ ಮಾಡಿದಿರಿ? ಅವರು ಏನು ಮಾಡಿದರು?' ಹಾಗೆ ಕೇಳಿದ ಮೇಲೆ ನಾನು ಕೇಳಿಯೇ ಇರದ ಹೆಸರುಗಳು ಬರತೊಡಗಿದವು.

ಮೂರನೆಯದು ಹಳ್ಳಿಗೆ ಹೋಗಿ ಕೇಳುವುದು. ಇದನ್ನು ನಾನು ಯಾರಿಗೂ ಒಪ್ಪಿಸುವುದಿಲ್ಲ. ಪಂಚಾಯಿತಿ ಕಚೇರಿಗೆ ಹೋದರೆ 'ಎಲ್ಲರೂ ತುಂಬಾ ಚೆನ್ನಾಗಿ ಮಾಡಿದರು' ಎಂಬ ಪತ್ರ ಸಿಗುತ್ತದೆ, ಮೊಹರಿನೊಂದಿಗೆ. ನಿಜ ಸಿಗುವುದು ಟೀ ಅಂಗಡಿಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ, ಬಿಸಿಯೂಟದ ಅಡುಗೆಯವರ ಹತ್ತಿರ. ಅವರು ಹೆಸರು ಹೇಳುವುದಿಲ್ಲ, ಗುರುತು ಹೇಳುತ್ತಾರೆ. "ಕನ್ನಡಕದ ಹುಡ್ಗ", "ಕೆಮ್ತಾ ಕೆಮ್ತಾ ಚರಂಡಿ ಎತ್ತಿದ್ನಲ್ಲ ಅವ್ನು." ಆ ಗುರುತಿಗೆ ಹೆಸರು ಹೊಂದಿಸುವುದು ನನ್ನ ಪಾಲು.

ಹೀಗೆ ಸಿಕ್ಕವಳು ಇನ್ನೊಬ್ಬಳು. ಅವಳ ಕಥೆ ಶುರುವಾದದ್ದು ನಮ್ಮ ರಕ್ತದಾನ ಶಿಬಿರದಲ್ಲಿ. ರಕ್ತ ಕೊಡಲು 18 ತುಂಬಿರಬೇಕು, 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5 ಆದರೂ ಬೇಕು. ಹುಡುಗಿಯರ ಸಾಲು ಉದ್ದಕ್ಕೆ ನಿಂತಿತ್ತು. ಬೆರಳು ಚುಚ್ಚಿ ನೋಡಿದ ಮೇಲೆ ಒಬ್ಬೊಬ್ಬರನ್ನೇ 'ನೀನು ಬೇಡಮ್ಮ' ಎಂದು ಎಬ್ಬಿಸಿ ಕಳಿಸಿದರು. ಎಷ್ಟು ಯೂನಿಟ್ ಸಂಗ್ರಹವಾಯಿತು ಎಂದು ನಾವು ಪತ್ರಿಕೆಗೆ ವರದಿ ಕಳಿಸಿದೆವು. ಎದ್ದು ಹೋದವರ ಲೆಕ್ಕ ಯಾರಿಗೂ ಬೇಡವಾಗಿತ್ತು. ಹಾಗೆ ಎದ್ದು ಹೋದ ಒಬ್ಬಳು ಮಾತ್ರ ಬಾಗಿಲ ಹತ್ತಿರವೇ ನಿಂತು, ವಾಪಸ್ ಬಂದವರ ಹೆಸರನ್ನೂ ಅವರ ಅಂಕಿಯನ್ನೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ವಾರ ಬಿಟ್ಟು ಅದನ್ನು ಹಿಡಿದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡಳು. ಕಬ್ಬಿಣಾಂಶದ ಮಾತ್ರೆ ಕಾಲೇಜಿಗೆ ಬಂತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಅರ್ಧಕ್ಕೆ ನಿಲ್ಲಿಸಿದವರನ್ನು ಊಟ ಮಾಡಿದ ಮೇಲೆ ನುಂಗಿ ಎಂದು ಕೂರಿಸಿ ನುಂಗಿಸಿದಳು. ಬೆಳಗಿನ ಬಸ್ಸಿಗೆ ಓಡುವವರು ತಿಂಡಿಯನ್ನೇ ತಿಂದಿರುವುದಿಲ್ಲ ಎಂಬುದನ್ನು ನಮಗೆ ಮೊದಲು ಹೇಳಿದವಳೂ ಅವಳೇ. ನಾನು 17 ವರ್ಷದಿಂದ ಬೆಳಗಿನ ಮೊದಲ ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಹುಡುಗಿಯರು ತೂಕಡಿಸುತ್ತಾರೆ ಎಂದು ಬೈಯುತ್ತಲೂ ಇದ್ದೆ.

ಅವಳು ಎನ್ನೆಸ್ಸೆಸ್ಸಿಗೆ ಸೇರಿರಲಿಲ್ಲ. ಗಂಟೆಯ ಲೆಕ್ಕದಲ್ಲಿ ಅವಳದು ಸೊನ್ನೆ. ಆಯ್ಕೆ ಸಮಿತಿಯಲ್ಲಿ ಸಹೋದ್ಯೋಗಿಯೊಬ್ಬರು, "ಘಟಕದಲ್ಲೇ ಇಲ್ಲದವಳಿಗೆ ಕೊಟ್ಟರೆ 240 ಗಂಟೆ ಮಾಡಿದವರು ಏನಂದ್ಕೋತಾರೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಗಂಟೆ ಮಾಡಿದವರಿಗೆ ವಿಶ್ವವಿದ್ಯಾಲಯದ ಪ್ರಮಾಣಪತ್ರ ಇದ್ದೇ ಇದೆ, ಇದು ಬೇರೆಯದು ಎಂದೆ. ಒಂದು ಮಧ್ಯಾಹ್ನವಿಡೀ ಜಗಳವಾಡಿ ಒಪ್ಪಿದರು.

ಅದೇ ಸಮಿತಿಯಲ್ಲಿ ಇನ್ನೊಬ್ಬ ಹಿರಿಯರು ಎತ್ತಿದ ಆಕ್ಷೇಪಣೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಎನ್ನೆಸ್ಸೆಸ್ ಶುರುವಾಯಿತು. ಅದರ ಧ್ಯೇಯವಾಕ್ಯ 'ನನಗಲ್ಲ, ನಿನಗೆ'. "ನನಗಲ್ಲ ಅಂದವನ ಕೊರಳಿಗೇ ಹಾರ ಹಾಕ್ತೀರಲ್ಲ, ಇದೆಂಥ ತಮಾಷೆ ಮೇಷ್ಟ್ರೆ?" ಎಂದರು ಅವರು. ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ಮಾತಿನಿಂದ ಒಂದು ಕೆಲಸವಾಯಿತು: ಹಾರ, ಶಾಲು, ಪೇಟ, ಗಾಜಿನ ಮೊಮೆಂಟೊ ನಾಲ್ಕನ್ನೂ ಕೈಬಿಟ್ಟೆವು. ಅಷ್ಟಕ್ಕೂ ಸೇರಿ ತಲೆಗೆ 700 ರೂಪಾಯಿ ಬೀಳುತ್ತಿತ್ತು. 21 ವರ್ಷದ ಹುಡುಗ ಜರಿ ಶಾಲು ಹೊದ್ದುಕೊಂಡು ಮಾಡುವುದಾದರೂ ಏನು?

ಅದರ ಬದಲು ಬಿನ್ನವತ್ತಳೆ ಬರೆಯತೊಡಗಿದೆವು. ಹಿಂದೆ ನಿವೃತ್ತರಾಗುವ ಮೇಷ್ಟ್ರಿಗೆ, ಊರಿಗೆ ಬಂದ ಗಣ್ಯರಿಗೆ ಓದಿ ಒಪ್ಪಿಸುತ್ತಿದ್ದರಲ್ಲ, ಅದೇ. ನನಗೆ ಬರುವುದು ಅರ್ಥಶಾಸ್ತ್ರ. ಹಾಗಾಗಿ ಮೊದಲ ಬಿನ್ನವತ್ತಳೆಯಲ್ಲಿ 'ಸರಳ ಸಜ್ಜನಿಕೆಯ ಸಾಕಾರಮೂರ್ತಿ', 'ಸೇವಾ ಮನೋಭಾವದ ಮೇರು' ಎಂದೆಲ್ಲ ಬರೆದು ಕನ್ನಡ ವಿಭಾಗದ ಮೇಡಂಗೆ ತೋರಿಸಿದೆ. ಅವರು ಓದಿ, "ಸಾರ್, ಹೆಸರೊಂದನ್ನು ತೆಗೆದರೆ ಇದನ್ನು ಯಾರಿಗೆ ಬೇಕಾದರೂ ಓದಬಹುದು" ಎಂದು ಪೆನ್ಸಿಲ್ಲಿನಲ್ಲಿ ವಿಶೇಷಣಗಳನ್ನೆಲ್ಲ ಹೊಡೆದು ಹಾಕಿದರು. ಉಳಿದದ್ದು ಹುಡುಗಿಯ ಹೆಸರು ಮತ್ತು ದಿನಾಂಕ.

ಆಮೇಲೆ ಪಳಗಿದೆವು. ಒಬ್ಬೊಬ್ಬರಿಗೂ ಎಂಟೇ ಸಾಲು. ಮಾಡಿದ ಕೆಲಸ, ಮಾಡಿದ ಜಾಗ, ಅಡ್ಡ ಬಂದದ್ದು, ಅದರಿಂದ ಯಾರಿಗೆ ಏನಾಯಿತು. 'ಹಲವಾರು', 'ಅನೇಕ' ಬರೆಯುವ ಹಾಗಿಲ್ಲ. ಎಣಿಸಿ ಬರೆಯಬೇಕು, ಎಣಿಸಲಾಗದಿದ್ದರೆ ಬಿಡಬೇಕು. ಆ ಊರಿನವರು ಆಡಿದ ಒಂದು ಮಾತು ಇದ್ದರೆ ಅವರ ಬಾಯಲ್ಲಿ ಬಂದ ಹಾಗೆಯೇ ಇರಬೇಕು, ತಿದ್ದಿ ಗ್ರಾಂಥಿಕ ಮಾಡಬಾರದು. ಎಂಟು ಸಾಲಿಗೆ ನನಗೆ ಮೂರು ದಿನ ಹಿಡಿಯುತ್ತದೆ. ಅರ್ಥಶಾಸ್ತ್ರದ ನೋಟ್ಸನ್ನು ಇಷ್ಟು ಮುತುವರ್ಜಿಯಿಂದ ಬರೆದಿದ್ದರೆ ನನ್ನ ಮಕ್ಕಳು ಇನ್ನಷ್ಟು ಅಂಕ ತೆಗೆಯುತ್ತಿದ್ದರೇನೋ.

ಇದರಲ್ಲೂ ಒಮ್ಮೆ ಕೆಟ್ಟದಾಗಿ ಎಡವಿದೆ. ಒಬ್ಬ ಹುಡುಗ ಮದುವೆ ಸೀಸನ್ನಿನಲ್ಲಿ ರಾತ್ರಿಯೆಲ್ಲ ಛತ್ರಗಳಲ್ಲಿ ಬಡಿಸುವ ಕೆಲಸಕ್ಕೆ ಹೋಗುತ್ತಿದ್ದ. ಹಾಗಿದ್ದೂ ತಾಲ್ಲೂಕಿನ ರಕ್ತದಾನಿಗಳ ಪಟ್ಟಿಯೊಂದನ್ನು ಇಟ್ಟಿದ್ದ. ಯಾವ ಗುಂಪು, ಕಳೆದ ಸಲ ಕೊಟ್ಟದ್ದು ಯಾವತ್ತು, ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಯಿತೇ ಇಲ್ಲವೇ, ಎಲ್ಲ ಅದರಲ್ಲಿತ್ತು. ಆಸ್ಪತ್ರೆಯಿಂದ ಯಾರೇ ಕೇಳಿದರೂ, ಸಾರಿನ ಬಕೆಟ್ ಕೆಳಗಿಟ್ಟು ಫೋನ್ ಮಾಡುತ್ತಿದ್ದ. ನಾನು ಬಿನ್ನವತ್ತಳೆಯಲ್ಲಿ ಆ ಬಕೆಟ್ಟನ್ನೂ ಬರೆದೆ. ಓದುವಾಗ ಸಭೆ ಚಪ್ಪಾಳೆ ತಟ್ಟಿತು, ಅವನ ಮುಖ ಮಾತ್ರ ಬಾಡಿತು. ತಾನು ಬಡಿಸಲು ಹೋಗುವುದನ್ನು ಅವನು ಗೆಳೆಯರಿಗೆ ಹೇಳಿರಲಿಲ್ಲವಂತೆ. ಬಡತನವನ್ನು ಬಿಡಿಸಿ ತೋರಿಸಿದರೆ ಸಾಧನೆ ಎತ್ತರ ಕಾಣುತ್ತದೆ ಎಂಬ ಚಪಲ ನನ್ನದಾಗಿತ್ತು. ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸಾರ್" ಎಂದ. ಪರವಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಗಿನಿಂದ ವಾರ ಮೊದಲೇ ಕರಡನ್ನು ಅವರವರ ಕೈಗೇ ಕೊಟ್ಟು, ಬೇಡವಾದದ್ದನ್ನು ಹೊಡೆದು ಹಾಕಲು ಹೇಳುತ್ತೇನೆ. ಕೆಲವರು ಒಳ್ಳೊಳ್ಳೆಯ ಸಾಲನ್ನೇ ಹೊಡೆಯುತ್ತಾರೆ. ಹೊಟ್ಟೆ ಉರಿಯುತ್ತದೆ, ಸುಮ್ಮನಿರುತ್ತೇನೆ.

ಸಮಾರಂಭದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರಾರ್ಥನೆ, ನಾಡಗೀತೆ, ಸ್ವಾಗತ, ವಂದನಾರ್ಪಣೆ ಎಲ್ಲರಿಗೂ ಗೊತ್ತಿದ್ದದ್ದೇ. ಬದಲಾಯಿಸಿದ್ದು ಮೂರೋ ನಾಲ್ಕೋ. ಭಾನುವಾರವೇ ಇಡುತ್ತೇವೆ. ಕೂಲಿಗೆ ಹೋಗುವ ತಾಯಿಗೆ ವಾರದ ದಿನ ಬಾ ಎಂದರೆ ಒಂದು ದಿನದ ಕೂಲಿ ಬಿಡು ಎಂದ ಹಾಗೆ. ತಂದೆತಾಯಿಯರ ಬಸ್ ಚಾರ್ಜನ್ನು, ಉಳಿದ ಶಾಲಿನ ದುಡ್ಡಿನಲ್ಲಿ, ಕವರಿನಲ್ಲಿ ಹಾಕಿ ಕೊಡುತ್ತೇವೆ. ಮುಂದಿನ ಸಾಲಿನ ಸೋಫಾ ಅವರದು. ಮೊದಲ ಸಲ ಒಬ್ಬ ತಾಯಿ ಸೋಫಾದ ತುದಿಯಲ್ಲೇ ಕೂತು, ಚಪ್ಪಲಿ ಬಿಚ್ಚಿ ಕೆಳಗಿಟ್ಟಿದ್ದರು.

ಗಣ್ಯರನ್ನು ಬಿಡಲು ಆಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಲೇಜಿಗೆ ಕೊಠಡಿ ಬೇಕು, ಕಾಂಪೌಂಡ್ ಬೇಕು, ಅವರನ್ನು ಕರೆಯದೆ ಇರುವ ಹಾಗಿಲ್ಲ. ಒಂದು ವರ್ಷ ಮುಖ್ಯ ಅತಿಥಿ ಎರಡೂವರೆ ಗಂಟೆ ತಡವಾಗಿ ಬಂದು ಅರ್ಧ ಗಂಟೆ ಮಾತಾಡಿ, ಸನ್ಮಾನಿತರ ಹೆಸರನ್ನೇ ಹೇಳದೆ ಹೊರಟರು. ಈಗಿನ ಒಪ್ಪಂದ ಇಷ್ಟು: ಅವರು ದೀಪ ಬೆಳಗಿ ಮಾತಾಡಲಿ. ಬಿನ್ನವತ್ತಳೆಯನ್ನು ಓದಿ ಕೊಡುವುದು ಮಾತ್ರ ಕೆಲಸ ನಡೆದ ಊರಿನವರೇ. ಓದಲು ಬರದವರಿದ್ದರೆ ಮೇಡಂ ಓದುತ್ತಾರೆ, ಅವರು ಕೈಗಿಡುತ್ತಾರೆ. ಪಿಂಚಣಿ ಅರ್ಜಿಯ ಹುಡುಗಿಯನ್ನು ಎರಡನೆಯ ವರ್ಷ ಹಳೆಯ ವಿದ್ಯಾರ್ಥಿನಿಯಾಗಿ ಕರೆದಿದ್ದೆವು. ಆಗ ಬಿ.ಎಡ್. ಓದುತ್ತಿದ್ದಳು. ಕೈಗಿಡಲು ಬಂದ ಅಜ್ಜಿ ಹಾಳೆಯನ್ನು ಅವಳ ಕೈಗೆ ಕೊಟ್ಟು, ಬಿಡದೆ ಹಾಗೇ ಹಿಡಿದುಕೊಂಡು, "ಹೋದ ತಿಂಗ್ಳು ದುಡ್ಡು ಬಂದಿಲ್ಲ ಕಣವ್ವ" ಎಂದು ಮೈಕಿನಲ್ಲಿ ಕೇಳುವ ಹಾಗೆಯೇ ಹೇಳಿತು. ಸಭೆ ನಕ್ಕಿತು. ಅವಳು ನಗಲಿಲ್ಲ, ಅಲ್ಲೇ ವೇದಿಕೆಯ ಮೇಲೆ ಪಾಸ್‌ಬುಕ್ ತಂದಿದ್ದೀಯಾ ಅಜ್ಜಿ ಎಂದು ಕೇಳಿದಳು. ಜಿಯೋಟ್ಯಾಗ್ (ತೆಗೆದ ಜಾಗದ ಗುರುತು) ಇರುವ ಫೋಟೋ ಬೇಕು ಎಂದು ಕಾಯುತ್ತಿದ್ದ ನಮ್ಮ ಛಾಯಾಗ್ರಾಹಕ ಹುಡುಗನಿಗೆ ಇಬ್ಬರ ಬೆನ್ನು ಮಾತ್ರ ಸಿಕ್ಕಿತು. ನ್ಯಾಕ್ ಕಡತದಲ್ಲಿ ಅದೇ ಫೋಟೋ ಇದೆ.

ಬಿನ್ನವತ್ತಳೆಯ ಜೊತೆಗೆ ಕೆಲಸಕ್ಕೆ ಅರ್ಜಿ ಹಾಕುವಾಗ ಲಗತ್ತಿಸಲು ಒಂದು ಪತ್ರ, ಒಂದು ಪುಸ್ತಕ. ಬಿನ್ನವತ್ತಳೆಗೆ ಫ್ರೇಮ್ ಹಾಕಿಸುವುದಿಲ್ಲ, ಲ್ಯಾಮಿನೇಷನ್ ಮಾಡಿಸುತ್ತೇವೆ. ಫ್ರೇಮು ಫೈಲಿನಲ್ಲಿ ಹಿಡಿಸುವುದಿಲ್ಲ, ಮಣ್ಣಿನ ಗೋಡೆಗೆ ಮೊಳೆಯೂ ನಿಲ್ಲುವುದಿಲ್ಲ. ಸಂಖ್ಯೆಯನ್ನೂ ಗೊತ್ತು ಮಾಡಿಲ್ಲ. ಒಂದು ವರ್ಷ ಒಂಬತ್ತು ಜನ, ಇನ್ನೊಂದು ವರ್ಷ ಇಬ್ಬರೇ. ಇಬ್ಬರೇ ಇದ್ದ ವರ್ಷ ಪ್ರಾಂಶುಪಾಲರು "ವೇದಿಕೆ ಖಾಲಿ ಖಾಲಿ ಕಾಣುತ್ತೆ" ಎಂದು ಬೇಸರಪಟ್ಟುಕೊಂಡರು.

ಈ ಸಲದ ಪಟ್ಟಿಯಲ್ಲಿ ಏಳು ಹೆಸರಿದೆ, ಆರು ಬಿನ್ನವತ್ತಳೆ ಬರೆದಾಗಿದೆ. ಮೊನ್ನೆ ಹಳ್ಳಿಗೆ ಹೋದಾಗ ಟೀ ಅಂಗಡಿಯವರು ಎಂಟನೆಯದೊಂದನ್ನು ಹೇಳಿದರು. ಶಾಲೆ ಬಿಟ್ಟ ಇಬ್ಬರು ಹುಡುಗರನ್ನು ದಿನಾ ಸಂಜೆ ಕೂರಿಸಿಕೊಂಡು ಹತ್ತನೇ ತರಗತಿ ಪರೀಕ್ಷೆ ಕಟ್ಟಿಸಿದನಂತೆ. "ಹೆಸ್ರು ಗೊತ್ತಿಲ್ಲ ಸಾ. ಸೈಕಲ್ಲಲ್ಲಿ ಬರ್ತಿದ್ದ. ಎಡಗೈಲಿ ಬರೀತಿದ್ದ." ಎನ್ನೆಸ್ಸೆಸ್ ರಿಜಿಸ್ಟರಿನಲ್ಲಿರುವವರಲ್ಲಿ ಎಡಗೈಯಲ್ಲಿ ಬರೆಯುವವರು ಯಾರೂ ಇಲ್ಲ, ವಿಚಾರಿಸಿಯಾಯಿತು. ಸೋಮವಾರದಿಂದ ಆಂತರಿಕ ಪರೀಕ್ಷೆ ಇದೆ. ಅಂತಿಮ ವರ್ಷದ ಐದು ಕೊಠಡಿಗೂ ನನಗೇ ಮೇಲ್ವಿಚಾರಣೆ ಹಾಕಿ ಎಂದು ಕೇಳಿಕೊಂಡಿದ್ದೇನೆ.