ಪುಕ್ಕಟೆ ಪೇಡಾ: ಕನ್ನಡದಲ್ಲಿ ಬರೆದರೆ ಓಡುವ ಈಸ್ಟರ್ ಎಗ್, ನನ್ನ ಅನುಭವ

ಧಾರವಾಡದ ಒಂದು ಸಿಹಿ ಅಂಗಡಿಯ ಸೈಟಿಗೆ ಹೋಗಿ ಹುಡುಕುವ ಜಾಗದಲ್ಲಿ ‘ಪುಕ್ಕಟೆ’ ಎಂದು ಬರೆದರೆ ಪರದೆಯ ಎಡಗಡೆಯಿಂದ ಪೇಡಾ ಒಂದು ಉರುಳಿಕೊಂಡು ಬರುತ್ತದೆ. ಸೈಟಿನೊಳಗೆ ಬಚ್ಚಿಟ್ಟ ಇಂಥ ತುಂಟಾಟಕ್ಕೇ ಈಸ್ಟರ್ ಎಗ್ ಎನ್ನುವುದು. ಮುಟ್ಟಲು ಹೋದರೆ ಓಡುತ್ತದೆ, ಮೂರನೆಯ ಸಲಕ್ಕೆ ಸಿಗುತ್ತದೆ. ‘ಮೊಬೈಲ್‌ನಾಗ, ಅದೂ ಕನ್ನಡ ಕೀಬೋರ್ಡಿನಾಗ, ಇದು ಆಗೂ ಮಾತಲ್ಲ ಬಿಡ್ರಿ’ ಎಂದು ಹುಬ್ಬಳ್ಳಿಯಲ್ಲಿ ನನ್ನ ಹಾಗೆ ಸೈಟು ಕಟ್ಟುವವರೇ ಹೇಳಿದ್ದರು. ಈಗ ಏಳೆಂಟು ಸಾವಿರದ ಆಂಡ್ರಾಯ್ಡ್ ಫೋನಿನಲ್ಲೂ ಸಲೀಸಾಗಿ ನಡೆಯುತ್ತಿದೆ.

ಎಲ್ಲರೂ ಮೊದಲು ಕೈಹಾಕುವುದು ಕೊನಾಮಿ ಕೋಡಿಗೆ. 1986ರ ವಿಡಿಯೊ ಗೇಮ್ ಗ್ರೇಡಿಯಸ್‌ನಿಂದ ಬಂದ ಆ ಬಾಣದ ಕೀಗಳ ಸರಣಿ ಡೆಸ್ಕ್‌ಟಾಪಿಗೆ ಸರಿ. ನಮ್ಮ ಕಡೆಯ ಅಂಗಡಿ ಸೈಟುಗಳಿಗೆ ಹತ್ತರಲ್ಲಿ ಎಂಟೊಂಬತ್ತು ಮಂದಿ ಬರುವುದು ಫೋನಿನಿಂದ, ಅಲ್ಲಿ ಬಾಣವೇ ಇಲ್ಲ. ಕೀಡೌನ್ (ಕೀ ಒತ್ತಿದಾಗ ಬ್ರೌಸರ್ ಕೊಡುವ ಸುದ್ದಿ) ಹಿಡಿದು ಅಕ್ಷರ ಕೂಡಿಸುತ್ತ ಹೋಗುವ ದಾರಿಯೂ ಅಲ್ಲಿ ಕೈಕೊಡುತ್ತದೆ. ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಯಾವ ಅಕ್ಷರ ಒತ್ತಿದರೂ ಸಾಮಾನ್ಯವಾಗಿ ಬರುವುದು ಕೀಕೋಡ್ 229 ಒಂದೇ, ಯಾವ ಅಕ್ಷರ ಎಂದು ಗೊತ್ತಾಗುವುದಿಲ್ಲ. ಕಾಂಪೊಸಿಷನ್‌ಎಂಡ್ (ಪದ ಬರೆದು ಮುಗಿಯಿತು ಎಂಬ ಸುದ್ದಿ) ನಂಬಿ ಕೂತರೆ ಬರೆಯುವವರು ಸ್ಪೇಸ್ ಒತ್ತುವವರೆಗೆ ಅದರ ಸುದ್ದಿಯೇ ಇರುವುದಿಲ್ಲ.

ಕೆಲಸಕ್ಕೆ ಬಂದದ್ದು ಇನ್‌ಪುಟ್ ಇವೆಂಟ್, ಪೆಟ್ಟಿಗೆಯ ಬರಹ ಬದಲಾದಾಗ ಬರುವ ಸುದ್ದಿ. ಯಾವ ಕೀ ಒತ್ತಿದರು ಎಂದು ಕೇಳಬೇಡಿ, ಪೆಟ್ಟಿಗೆಯಲ್ಲಿ ಈಗ ಏನಿದೆ ಎಂದು ನೋಡಿ. ಕೈ ನಿಂತು ಸುಮಾರು 600 ಮಿಲಿಸೆಕೆಂಡ್ ಆದ ಮೇಲೆ ನೋಡಬೇಕು. 300ಕ್ಕೆ ಇಳಿಸಿದರೆ ಅರ್ಧ ಪದಕ್ಕೇ ಪರೀಕ್ಷೆ ನಡೆಯುತ್ತದೆ, ಸಾವಿರಕ್ಕೆ ಏರಿಸಿದರೆ ಅಷ್ಟರಲ್ಲಿ ಎಂಟರ್ ಒತ್ತಿ ಮುಂದಿನ ಪುಟಕ್ಕೆ ಹೋಗಿರುತ್ತಾರೆ. ಸಿಕ್ಕ ಪದವನ್ನು ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿ (ಯೂನಿಕೋಡಿನ ಒಂದೇ ರೂಪಕ್ಕೆ ತಂದು), ಕಣ್ಣಿಗೆ ಕಾಣದ ಜಾಯಿನರ್, ನಾನ್‌ಜಾಯಿನರ್ ಎರಡನ್ನೂ ತೆಗೆದು, ಆಮೇಲೆ ಹೋಲಿಸಿ. ಉದಾಹರಣೆಗೆ ‘ಪೇ’ ಅಕ್ಷರದ ದೀರ್ಘ ಒಂದೇ ಚಿಹ್ನೆಯಾಗಿ ಬರಬಹುದು, ಎತ್ವ ಬೇರೆ ದೀರ್ಘ ಬೇರೆ ಆಗಿಯೂ ಬರಬಹುದು. ನೋಡಲು ಎರಡೂ ಒಂದೇ, ಕೋಡಿಗೆ ಮಾತ್ರ ಬೇರೆ ಬೇರೆ ಪದ. ನುಡಿ ತಂತ್ರಾಂಶದ ಹಳೇ ಆಸ್ಕಿ ಪಠ್ಯ ಅಂಟಿಸುವವರ ಗೊಡವೆಗೆ ಹೋಗಬೇಡಿ, ಅದು ಒಳಗೆ ಲ್ಯಾಟಿನ್ ಅಕ್ಷರವೇ.

ಪದದ ಆಯ್ಕೆಗೆ ಕೋಡಿಗಿಂತ ಹೆಚ್ಚು ತಲೆ ಖರ್ಚು ಮಾಡಬೇಕು. ‘ಪೇಡಾ’ ಇಟ್ಟರೆ ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ಅಡ್ಡ ಬರುತ್ತದೆ. ಯಾರೂ ಬರೆಯದ ಗುಪ್ತಪದ ಇಟ್ಟರೆ ಯಾರಿಗೂ ಸಿಗುವುದಿಲ್ಲ. ಕೊಳ್ಳಲು ಬೇಕಿಲ್ಲದ, ಆದರೆ ತುಂಟತನಕ್ಕೆ ಬೆರಳು ತಾನೇ ಬರೆಯುವ ಪದ ಬೇಕು. ಪುಕ್ಕಟೆ, ಪುಕ್ಕಟ, ಪುಗಸಟ್ಟೆ, ಫುಕಟ್, ಜೊತೆಗೆ ಇಂಗ್ಲಿಷ್ ಅಕ್ಷರದ ಐದಾರು ಸ್ಪೆಲ್ಲಿಂಗ್ ಪಟ್ಟಿಯಲ್ಲಿವೆ. ಇನ್ನೂ ಒಂದು ಪದ ಇದೆ, ಅದನ್ನು ಹುಡುಕಿಯೇ ತೆಗೆಯಬೇಕು. ಸ್ಕ್ರೀನ್‌ಶಾಟ್ ಹಿಡಿದು ಕೌಂಟರಿಗೆ ಬಂದು ‘ಎಲ್ಲೈತ್ರೀ ಪುಕ್ಕಟೆ ಪೇಡಾ’ ಎನ್ನುವವರು ಇದ್ದೇ ಇರುತ್ತಾರೆ. ಅದಕ್ಕೇ ಪೇಡಾ ಸಿಕ್ಕ ಕೂಡಲೇ ‘ಇದು ಪರದೆ ಮ್ಯಾಲಿನದು, ಬಾಯಾಗಿಂದಕ್ಕ ರೊಕ್ಕ ಕೊಡಬೇಕ್ರಿ’ ಎಂಬ ಸಾಲು ದಪ್ಪಕ್ಷರದಲ್ಲಿ ಬರುತ್ತದೆ.

ರೊಕ್ಕದ ಮಾತು. ಮೊದಲು ಸುಮಾರು 1,200 ರೂಪಾಯಿ ಕೊಟ್ಟು ಕೊಂಡ ಲಾಟಿ (Lottie) ಮಾದರಿಯ ಅನಿಮೇಷನ್ ಪೂರ್ತಿ ದಂಡ. ಲೈಬ್ರರಿ, ಚಿತ್ರ ಸೇರಿ 400 ಕೆಬಿ ಹತ್ತಿರ ಹೋಗಿ ಮುಖಪುಟವೇ ತಡವರಿಸಿತು. ಈಗಿರುವುದು ಕೈಯಿಂದ ಕೋಡಿನಲ್ಲೇ ಬರೆದ ಚಿತ್ರ, ಅಂದರೆ ಎಸ್‌ವಿಜಿ, ಮೂರು ಕೆಬಿ ಇರಬಹುದು. ಮುಖಪುಟದಲ್ಲಿ ಒಂದು ಕೆಬಿಯ ಕಾವಲು, ಅಂದರೆ ಪದ ನೋಡುವ ಸಣ್ಣ ಕೋಡು ಮಾತ್ರ. ಪದ ಸರಿಹೊಂದಿದ ಮೇಲೆ ಡೈನಾಮಿಕ್ ಇಂಪೋರ್ಟ್‌ನಿಂದ ಉಳಿದ ಹತ್ತು ಕೆಬಿ ಇಳಿಯುತ್ತದೆ. ಹಣ ಕಟ್ಟುವ ಪುಟಕ್ಕೆ ಕಾವಲು ಕೂಡ ಹೋಗುವುದಿಲ್ಲ. ಇದಕ್ಕೆ ಪ್ರತ್ಯೇಕವಾಗಿ ಎರಡೂವರೆ ಸಾವಿರ ಹಿಡಿಯುತ್ತೇನೆ, ಈಗ ಯಾರೂ ಚೌಕಾಸಿ ಮಾಡುವುದಿಲ್ಲ. ಮಾಲೀಕರಿಗೆ ಮೊದಲೇ ತೋರಿಸುವುದು ಕಡ್ಡಾಯ. ವಿಡಿಯೊ ಗೇಮ್ ರಚಿಸುತ್ತಿದ್ದ ವಾರನ್ ರಾಬಿನೆಟ್ ತಮ್ಮ ಕಂಪನಿ ಅಟಾರಿಯವರಿಗೆ ಹೇಳದೆ ತಮ್ಮ ಹೆಸರನ್ನು ಆಟದೊಳಗೆ ಬಚ್ಚಿಟ್ಟಿದ್ದು ಬೇರೆ ಮಾತು, ಇದು ಗಿರಾಕಿಯ ಅಂಗಡಿ.

ಪೇಡಾ ಪೇಡಾದ ಹಾಗೆ ಕಾಣಬೇಕಾದರೆ ಅಂಚು ಅಂಕುಡೊಂಕಾಗಿರಬೇಕು, ಮೇಲೆ ಸಕ್ಕರೆ ಇರಬೇಕು. ನುಣ್ಣಗಿನ ಕಂದು ವೃತ್ತ ಬಿಸ್ಕೀಟಾಗಿ ಕಾಣುತ್ತದೆ. ಸಕ್ಕರೆಗೆ ನೂರಾರು ಚುಕ್ಕಿ ಬರೆಯುವ ಅಗತ್ಯವಿಲ್ಲ. ಒಂದೇ ಗೆರೆಯನ್ನು ಅಡ್ಡಾದಿಡ್ಡಿ ಎಳೆದು ಡ್ಯಾಷ್ ಉದ್ದ 0, ತೆರಪು 7, ತುದಿ ದುಂಡಗೆ ಎಂದು ಕೊಟ್ಟರೆ ಗೆರೆಯೇ ಹರಳಾಗಿ ಒಡೆಯುತ್ತದೆ. ಉರುಳುವಿಕೆಗೂ ಲೆಕ್ಕವಿದೆ: 64 ಪಿಕ್ಸೆಲ್ ಅಗಲದ ಪೇಡಾ 201 ಪಿಕ್ಸೆಲ್ ಸಾಗುವಷ್ಟರಲ್ಲಿ ಸರಿಯಾಗಿ ಒಂದು ಸುತ್ತು ತಿರುಗಬೇಕು. ಇಲ್ಲದಿದ್ದರೆ ಎಣ್ಣೆ ಸವರಿದ ತಾಟಿನ ಮೇಲೆ ಜಾರಿದಂತೆ ಕಾಣುತ್ತದೆ. ಮೇಲಿನ ಹೊಳಪು ತಿರುಗಬಾರದು, ಅದಕ್ಕೆ ಬೇರೆ ಪದರ ಇಡಿ. ಚಲನೆ ಎಲ್ಲ ಸಿಎಸ್‌ಎಸ್‌ನ (ಪುಟದ ರೂಪ ಹೇಳುವ ಭಾಷೆ) ಟ್ರಾನ್ಸ್‌ಫಾರ್ಮ್‌ನಲ್ಲೇ. ಫೋನಿನಲ್ಲಿ ಚಲನೆ ಕಡಿಮೆ ಮಾಡು ಎಂದು ಇಟ್ಟುಕೊಂಡವರಿಗೆ ನಿಂತ ಪೇಡಾ ಸಾಕು. ಬೆರಳಿನಿಂದ ಯಾವ ದಿಕ್ಕಿಗೆ ಓಡಬೇಕು ಎಂಬ ಲೆಕ್ಕ ನನ್ನ ಹತ್ತಿರವೇ ಇರಲಿ.

ಇದರ ನಡುವೆ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನೂ ಒಂದು 404 ಪುಟದ (ಇಲ್ಲದ ಪುಟ ಕೇಳಿದವರಿಗೆ ಕಾಣುವುದು) ಉದ್ದಕ್ಕೆ ಇಳಿಸಿದೆ. ಸಿಎಸ್‌ಎಸ್‌ನ ಇಂಚಿಗೆ 96 ಪಿಕ್ಸೆಲ್ ಲೆಕ್ಕದಲ್ಲಿ ನಿಜ ಅಳತೆ 57 ಲಕ್ಷ ಪಿಕ್ಸೆಲ್ ಆಗುತ್ತದೆ. ಬ್ರೌಸರ್ ತಾಳಿಕೊಂಡೀತು, ಸರಿಸುವ ಹೆಬ್ಬೆರಳು ತಾಳಿಕೊಳ್ಳದು. ಮೀಟರಿಗೆ 10 ಪಿಕ್ಸೆಲ್ ಇಟ್ಟಾಗ 15,070ಕ್ಕೆ ಇಳಿದು ಹದವಾಯಿತು. ಕೆಳಗೆ ಮುಟ್ಟಿದವರಿಗೆ ‘ಬಂದ್ರಿ? ಗಾಡಿ ಹೋತು’ ಎಂಬ ಫಲಕ ಸಿಗುತ್ತದೆ. ಇಲ್ಲಿ ಕಾಡಿದ್ದು ಸ್ಟಿಕಿ, ಅಂದರೆ ಪುಟ ಸರಿಸಿದರೂ ಅದರ ಮೇಲಿನ ರೈಲನ್ನು ಪರದೆಯ ಒಂದೇ ಕಡೆ ನಿಲ್ಲಿಸುವ ಸಿಎಸ್‌ಎಸ್ ಗುಣ. ಥೀಮಿನ ಹೊರಗಿನ ಡಬ್ಬಿಗೆ ಓವರ್‌ಫ್ಲೋ ಹಿಡನ್ (ಹೊರಚೆಲ್ಲಿದ್ದನ್ನು ಮರೆಮಾಡು) ಎಂದು ಇದ್ದರೆ ರೈಲು ನಿಂತಲ್ಲಿ ನಿಲ್ಲುವುದಿಲ್ಲ, ಅದನ್ನು ಕ್ಲಿಪ್ ಎಂದು ಬದಲಿಸಿದರೆ ಸರಿಹೋಗುತ್ತದೆ. ಪುಟ ತೆರೆದ ಕೂಡಲೇ ಸೀಟಿ ಊದಿಸುವ ಆಸೆ ಈಡೇರಲಿಲ್ಲ, ಮುಟ್ಟದೆ ಸದ್ದು ಮಾಡಲು ಬ್ರೌಸರ್ ಬಿಡುವುದಿಲ್ಲ.

ಈಗ ಕೈಯಲ್ಲಿರುವುದು ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಸೈಟು. ಬಣ್ಣ, ಖಾರ ಎಂದು ಎರಡು ಅಳತೆಪಟ್ಟಿ. ಕಾಯಿಯನ್ನು ಒತ್ತಿದಷ್ಟೂ ಪುಟವೆಲ್ಲ ಕೆಂಪಾಗುತ್ತದೆ, ಖಾರದ ಪಟ್ಟಿ ಮಾತ್ರ ಕಾಲುಭಾಗ ದಾಟುವುದಿಲ್ಲ. ಕೆಂಪು ಏರಿದಾಗ ಬೆಲೆಯ ಅಕ್ಷರ ಓದಲು ಬರಬೇಕು, ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ) 4.5ಕ್ಕಿಂತ ಕೆಳಗೆ ಇಳಿಯಬಾರದು. ಸದ್ಯ ಅದೇ ಕೆಲಸ ನಡೆದಿದೆ.