ಮರೆಯಲೊಲ್ಲದ ಶೆಲ್

ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತಿರುಗಿಸಲು ನಾನೇ ಬರೆದುಕೊಂಡ ಒಂದು ಪೈಥಾನ್ ಪ್ರೋಗ್ರಾಂ ಇದೆ. ಅದನ್ನು ಪೈಥಾನ್ 3.8ರಿಂದ 3.12ಕ್ಕೆ ಏರಿಸುವಾಗ ಎರಡು ವರ್ಚುವಲ್ ಎನ್ವಿರಾನ್‌ಮೆಂಟ್‌ಗಳನ್ನು ಇಟ್ಟುಕೊಂಡಿದ್ದೆ (ತನ್ನದೇ ಪೈಥಾನ್, ತನ್ನದೇ ಮಾಡ್ಯೂಲ್‌ಗಳಿರುವ ಪ್ರತ್ಯೇಕ ಕೋಶಗಳು). ಒಂದು ‘ಹಳತು’, ಇನ್ನೊಂದು ‘ಹೊಸತು’. ಇಡೀ ಸಂಜೆ ಆ ಮನೆಯಿಂದ ಈ ಮನೆಗೆ ಓಡಾಟ.

‘ಹೊಸತು’ ಸಕ್ರಿಯಗೊಳಿಸಿ, ಅಭ್ಯಾಸಬಲದಿಂದ ಪೈಟೆಸ್ಟ್ (ಪ್ರೋಗ್ರಾಂನ ಪರೀಕ್ಷೆಗಳನ್ನು ನಡೆಸುವ ಸಾಧನ) ಓಡಿಸಿದೆ. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ರೆಜೆಕ್ಸ್ ಮಾಡ್ಯೂಲ್ ಇಲ್ಲವೆಂದಿತು. ಸರಿಯೇ, ಇನ್ನೂ ಏನನ್ನೂ ಹಾಕಿರಲಿಲ್ಲ. (ಕಿ, ಕೀಗಳನ್ನು ಒಡೆಯದೆ ಒಂದೇ ಅಕ್ಷರವಾಗಿ ಹಿಡಿಯಲು ನನಗೆ ರೆಜೆಕ್ಸ್ ಬೇಕು, ಪೈಥಾನ್‌ನ ಸ್ವಂತ ಆರ್‌ಇ ಮಾಡ್ಯೂಲ್‌ಗೆ ಆ ಸವಲತ್ತಿಲ್ಲ.) ಪಿಪ್‌ನಿಂದ (ಪೈಥಾನ್ ಮಾಡ್ಯೂಲ್‌ಗಳನ್ನು ತಂದು ಹಾಕುವ ಸಾಧನ) ರೆಜೆಕ್ಸ್, ಪೈಟೆಸ್ಟ್ ಎರಡನ್ನೂ ಹಾಕಿ ಮತ್ತೆ ಓಡಿಸಿದೆ. ಅದೇ ದೋಷ.

ಪಿಪ್ ಲಿಸ್ಟ್‌ನಲ್ಲಿ ರೆಜೆಕ್ಸ್ ಕಾಣುತ್ತಿದೆ. ಪೈಥಾನ್ ತೆರೆದು ಇಂಪೋರ್ಟ್ ಮಾಡಿದರೆ ಸದ್ದಿಲ್ಲದೆ ಆಗುತ್ತಿದೆ. ಪೈಟೆಸ್ಟ್ ಎಲ್ಲಿದೆಯೆಂದು ತಿಳಿಯಲು ‘ವಿಚ್ ಪೈಟೆಸ್ಟ್’ ಎಂದು ಕೇಳಿದರೆ ‘ಹೊಸತು’ವಿನ, ಪ್ರೋಗ್ರಾಂಗಳಿರುವ ಬಿನ್ ಕೋಶವನ್ನೇ ತೋರಿಸುತ್ತಿದೆ. ಎಲ್ಲ ಸಾಕ್ಷಿಗಳೂ ನನ್ನ ಪರ, ತೀರ್ಪು ಮಾತ್ರ ವಿರುದ್ಧ. ಎನ್ವಿರಾನ್‌ಮೆಂಟನ್ನು ಎರಡು ಬಾರಿ ಅಳಿಸಿ ಕಟ್ಟಿದೆ. ಎರಡು ಬಾರಿಯೂ ಅದೇ ಕ್ರಮ, ಅದೇ ಫಲ. ಬೇಸತ್ತು ಹೊಸ ಟರ್ಮಿನಲ್ ತೆರೆದೆ. ಅಲ್ಲಿ ಎಲ್ಲ ಸರಿಯಾಗಿ ನಡೆಯಿತು! ಕಾರಣ ತಿಳಿಯದೆ ವಾಸಿಯಾದ ಕಾಯಿಲೆ ನನಗೆ ಹಿಡಿಸುವುದಿಲ್ಲ. ಹಳೆಯ ಕಿಟಕಿಗೇ ಮರಳಿದೆ.

ಈ ಸಲ ‘ವಿಚ್’ ಬಿಟ್ಟು, ಟರ್ಮಿನಲ್‌ನಲ್ಲಿ ಬರೆದ ಆದೇಶಗಳನ್ನು ಓಡಿಸುವ ಶೆಲ್ ಆದ ಬ್ಯಾಷನ್ನೇ ‘ಟೈಪ್ ಪೈಟೆಸ್ಟ್’ ಎಂದು ಕೇಳಿದೆ. ಗುಟ್ಟು ಹೊರಬಿತ್ತು. ಉತ್ತರದಲ್ಲಿ ‘ಹ್ಯಾಶ್ಡ್’ (ನೆನಪಿಟ್ಟುಕೊಂಡದ್ದು) ಎಂಬ ಪದವಿತ್ತು, ಪಕ್ಕದಲ್ಲಿ ನನ್ನ ಹೋಮ್ ಕೋಶದೊಳಗಿನ ಡಾಟ್ ಲೋಕಲ್‌ನ ವಿಳಾಸ. ಎಂದೋ ಪಿಪ್‌ಎಕ್ಸ್ ಮೂಲಕ ಹಾಕಿ ಮರೆತಿದ್ದ ಪೈಟೆಸ್ಟ್ ಅದು. ಪಿಪ್‌ಎಕ್ಸ್ ಹಾಕಿದ ಪ್ರೋಗ್ರಾಂ ತನ್ನದೇ ಪ್ರತ್ಯೇಕ ಎನ್ವಿರಾನ್‌ಮೆಂಟ್‌ನಲ್ಲಿ ಇರುತ್ತದೆ; ನನ್ನ ರೆಜೆಕ್ಸ್ ಅದಕ್ಕೆ ಕಾಣುವುದೇ ಇಲ್ಲ.

ಬ್ಯಾಷ್ ಒಂದು ಆದೇಶವನ್ನು ಮೊದಲ ಸಲ ಹುಡುಕಿದಾಗ ಸಿಕ್ಕ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಪಾತ್ ಪಟ್ಟಿಯನ್ನು (ಆದೇಶಗಳನ್ನು ಯಾವ ಕೋಶಗಳಲ್ಲಿ ಹುಡುಕಬೇಕೆಂಬ ಪಟ್ಟಿ) ತಡಕುವುದಿಲ್ಲ. ‘ವಿಚ್’ ಬೇರೆಯೇ ಪ್ರೋಗ್ರಾಂ, ಬ್ಯಾಷ್‌ನ ನೆನಪು ಅದಕ್ಕೆ ಗೊತ್ತಿಲ್ಲ. ಪ್ರತಿ ಸಲವೂ ಹೊಸದಾಗಿ ಹುಡುಕುತ್ತದೆ. ಹಾಗಾಗಿ ಇಬ್ಬರೂ ಎರಡು ಮಾತಾಡಿದರು. ಈ ನೆನಪಿನ ವಿಷಯ ನನಗೆ ಮೊದಲೇ ಗೊತ್ತಿತ್ತು, ನಿಜ. ಆದರೆ ಎನ್ವಿರಾನ್‌ಮೆಂಟನ್ನು ಸಕ್ರಿಯಗೊಳಿಸುವ ಆಕ್ಟಿವೇಟ್ ಸ್ಕ್ರಿಪ್ಟ್ ತಾನೇ ‘ಹ್ಯಾಶ್ -ಆರ್’ ಓಡಿಸಿ ಅದನ್ನು ಅಳಿಸುತ್ತದೆ, ಡಿಆಕ್ಟಿವೇಟ್ ಕೂಡ ಅಳಿಸುತ್ತದೆ ಎಂಬುದೂ ಗೊತ್ತಿದ್ದರಿಂದ ಅನುಮಾನ ಆ ಕಡೆ ಹೋಗಲಿಲ್ಲ. ನನ್ನ ಎಡವಟ್ಟು ನಡೆದದ್ದು ಅದರ ನಂತರ: ಸಕ್ರಿಯಗೊಳಿಸಿದ ಮೇಲೆ, ಇನ್‌ಸ್ಟಾಲ್ ಮಾಡುವ ಮೊದಲು, ಒಂದು ಸಲ ಪೈಟೆಸ್ಟ್ ಓಡಿಸಿದ್ದೆ. ಆ ಒಂದು ಸಲ ಸಾಕಾಯಿತು. ‘ಹ್ಯಾಶ್ -ಆರ್’ ಎಂದು ನಾನೇ ಬರೆದು ಎಂಟರ್ ಒತ್ತಿದೆ, ಪರೀಕ್ಷೆಗಳು ಓಡಿದವು. ಈಗ ‘ಪೈಥಾನ್ -ಎಂ ಪೈಟೆಸ್ಟ್’ ಎಂದೇ ಬರೆಯುತ್ತೇನೆ. ಯಾವ ಪೈಥಾನ್ ಓಡುತ್ತಿದೆಯೋ ಅದರದ್ದೇ ಪೈಟೆಸ್ಟ್ ಬರುತ್ತದೆ.

ಕೆಲವು ದಿನಗಳ ಬಳಿಕ ಪ್ರಾಜೆಕ್ಟ್‌ನ ಕೋಶಕ್ಕೆ ಹೊಸ ಹೆಸರಿಟ್ಟೆ. ಸಕ್ರಿಯಗೊಳಿಸಿದಾಗ ಪ್ರಾಂಪ್ಟ್‌ನಲ್ಲಿ ‘ಹೊಸತು’ ಎಂದು ಎಂದಿನಂತೆಯೇ ಬಂತು, ಯಾವ ತಕರಾರೂ ಇಲ್ಲ. ಪಿಪ್ ಓಡಿಸಿದಾಗ ಮಾತ್ರ ನನ್ನ ಕಂಪ್ಯೂಟರಿನ ಲಿನಕ್ಸ್ ಆದ ಉಬುಂಟು 24.04 ಅಡ್ಡಗಟ್ಟಿತು: ಇದು ವ್ಯವಸ್ಥೆಯ ಪೈಥಾನ್, ಇಲ್ಲಿ ನೇರವಾಗಿ ಇನ್‌ಸ್ಟಾಲ್ ಮಾಡುವಂತಿಲ್ಲ. ಈ ಬಾರಿ ‘ಟೈಪ್’ ಕೇಳಲು ತಡಮಾಡಲಿಲ್ಲ. ಆಕ್ಟಿವೇಟ್ ಕಡತದೊಳಗೆ ಹಳೆಯ ಪೂರ್ಣ ವಿಳಾಸ ಕೊರೆದಿಟ್ಟಂತೆ ಕೂತಿತ್ತು. ಇಲ್ಲದ ಕೋಶವೊಂದನ್ನು ಅದು ಪಾತ್‌ನ ತಲೆಗೆ ಸೇರಿಸಿ ಸುಮ್ಮನಾಗಿತ್ತು. ಬಿನ್‌ನಲ್ಲಿರುವ ಪಿಪ್‌ನ ಮೊದಲ ಸಾಲಿನಲ್ಲೂ ಅದೇ ವಿಳಾಸ. ಇವನ್ನೆಲ್ಲ ತಿದ್ದುತ್ತ ಕೂರುವುದು ದಂಡ. ಅಳಿಸಿ, ಬೇಕಾದ ಮಾಡ್ಯೂಲ್‌ಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಕಡತದಿಂದ ಮತ್ತೆ ಕಟ್ಟಿದೆ.

ಪಿಪ್‌ಎಕ್ಸ್‌ನ ಪೈಟೆಸ್ಟನ್ನೂ ಅಂದೇ ತೆಗೆದೆ. ಬಹಳ ಹೊತ್ತಿನಿಂದ ತೆರೆದೇ ಇದ್ದ ಇನ್ನೊಂದು ಟರ್ಮಿನಲ್‌ನಲ್ಲಿ, ಹಳೆಯ ಚಾಳಿಯಂತೆ, ಬರಿಯ ಪೈಟೆಸ್ಟ್ ಎಂದು ಬರೆದೆ. ಬ್ಯಾಷ್ ನೇರವಾಗಿ ಅದೇ ಡಾಟ್ ಲೋಕಲ್‌ನ ಬಾಗಿಲಿಗೆ ಹೋಗಿ, ಅಂಥ ಕಡತ ಇಲ್ಲವೆಂದು ಬಂದು ಹೇಳಿತು.